ಎಂಟು, ಮೇಲಿನಿಂದ ಕೆಳಕ್ಕೆ

ಲೋಕಾಪುರ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಾಗ
ನನಗ ಲೈಟ್ ಡ್ಯೂಟಿ.
ಹತ್ತೊಂಬತ್ತು ವರ್ಷ ಟಿಕೇಟ್ ಹರದ ಮ್ಯಾಲ
ಎಡ ಮೊಣಕಾಲು, 'ಸಾಕವ್ವ, ಇನ್ನ ನಿಂದರಲಾರೆ' ಅಂತು.
ಈಗ ಕುಂತಲ್ಲೇ ಗಾಡಿ ಕಳಸತೇನಿ
ಮುಧೋಳ, ರಾಮದುರ್ಗ, ಬದಾಮಿ, ಯಾದವಾಡ,
ಬಂದ ಹೊತ್ತು, ಹೋದ ಹೊತ್ತು,
ಎರಡರ ನಡುವ ಉಳಿದ ಹೊತ್ತಿಗೆ
ಪೇಪರಿನ ಆರನೇ ಪುಟದ ಪದಬಂಧ.

ಒಬ್ಬಾಕಿಗೆ ಆಗೂದಿಲ್ಲ, ಸುಳ್ಳ ಯಾಕ?
ಕಟ್ಟಿದಾವ ಹೆಸರು ಹಾಕಿಲ್ಲ, ಹಟಮಾರಿ ಮನುಷ್ಯಾ.
ಅದಕ್ಕ ಬಸ್ಸಿಗೊಂದು ಪ್ರಶ್ನೆ ಹತ್ತಿಸಿ ಕಳಸತೇನಿ.
ಲಗೇಜಿಲ್ಲ, ಟಿಕೇಟಿಲ್ಲ.

ಏಳೂ ನಲವತ್ತರ ಗಾಡಿ ಯಮನೂರಸಾಬಗ
'ಹರದೇಶಿ ನಾಗೇಶಿಯವರ ಹಾಡು, ಎರಡಕ್ಷರ' ಅಂದ್ರ
ಸೀಟಿ ಬಾಯಾಗ ಇಟಗೊಂಡ ನಕ್ಕ,
ಕೈಯಾಗಿಲ್ಲದ ತುಂತುಣಿ ಬಾರಿಸಿದ:
'ಗೀಗೀ! ಇದನ್ನೂ ಕೇಳಬೇಕೇನ್ರೀ ಅಕ್ಕಾರ?
ನಮ್ಮತ್ತಿ ನಾಗೇಶಿ ಕಡೆ, ಮಾವ ಹರದೇಶಿ ಕಡೆ,
ಜಗಳ ಮುಗಿಯೂದ್ರಾಗ ನಸುಕಾಗತಿತ್ತು.'

ಒಂಬತ್ತರ ಬೆಳಗಾವಿ ಗಾಡ್ಯಾಗ ಹೋದ ಪ್ರಶ್ನೆ
ಸಂಜಿ ಮುಂದ ಧೂಳ ಜಾಡಿಸಿ ಇಳೀತೈತಿ.
ಒಮ್ಮೆ ಯರಗಟ್ಟಿ ಮಾಸ್ತರು ಯಾರೋ
ಟಿಕೇಟಿನ ಬೆನ್ನಿಗೆ ಬರದು ಕಳಿಸಿದ್ರು:
'ತಾಯಿ, ಮನೆ ಮೂರಲ್ಲ, ನಾಲ್ಕಿರಬೇಕು. ಮತ್ತೊಮ್ಮೆ ಎಣಿಸು.'
ಎಣಿಸಿದೆ. ನಾಲ್ಕೇ ಇದ್ದವು.

ಕಾಲೇಜಿನ ರೇಷ್ಮಾ ನದಾಫ ಫೋನ್ ತಗದಳು,
'ಆಂಟಿ, ಇದರಾಗ ಒತ್ತಿದ್ರ ಎಲ್ಲಾ ಬರತೈತಿ.'
'ಎಲ್ಲಾ ಬಂದ್ರ ಸಂಜಿತನಾ ನಾ ಏನ್ ಮಾಡ್ಲೆವ್ವ?'
ಆಕಿ ಫೋನ್ ಮುಚ್ಚಿ
ಪೆನ್ಸಿಲ್ ಚೂಪು ಮಾಡಿ ಕೊಟ್ಟಳು.

ನಿನ್ನೆ, ಎಂಟು, ಮೇಲಿನಿಂದ ಕೆಳಕ್ಕೆ:
'ಬಂಡಿಯ ಗಾಲಿ ಕಳಚದಂತೆ ಕಾಯುವುದು.' ನಾಲ್ಕು ಮನೆ.
ಮೂರನೇ ಮನ್ಯಾಗ ಯಮನೂರಸಾಬನ ಗೀ ಕುಂತಿತ್ತು.
ಮ್ಯಾಲ ಎರಡು ಖಾಲಿ, ಕೆಳಗ ಒಂದು.
ಆರು ಬಸ್ಸು ಹೋದವು.
ನಟ್ಟು ಅಂದ್ರು, ಬೋಲ್ಟು ಅಂದ್ರು,
ಡಿಪೋ ಮೆಕ್ಯಾನಿಕ್ ಹೇಳಿದ ಇಂಗ್ಲಿಷ್ ಹೆಸರು
ಒಂದೂ ಮನ್ಯಾಗ ಹೊಗಲಿಲ್ಲ.

ಪೇರಲ ಮಾರೋ ದುಂಡವ್ವ
ನೀರು ಕುಡೀಲಿಕ್ಕೆ ಒಳಗ ಬಂದಾಕಿ
ತಂಬಿಗಿ ಇಳಿಸಿ ಅಂದಳು:
'ಕಡಿಗೀಲ.'
ಅಷ್ಟ. ಮತ್ತ ನೀರು ಕುಡದಳು.
ಆಮ್ಯಾಲ ಬಾಯಿ ಒರಸಿಕೊಂಡು:
'ನಮ್ಮಪ್ಪ ಬಾಡಿಗಿ ಬಂಡಿ ಹೊಡೀತಿದ್ದ.
ರಾತ್ರಿ ಎರಡೂ ಕಡಿಗೀಲ ಉಚ್ಚಿ
ತಲಿದಿಂಬಿನ ಬುಡಕ ಇಟಗೋತಿದ್ದ,
ಬಂಡಿ ಯಾರರ ಒಯ್ದಾರು ಅಂತ.
ಮಗ್ಗಲಾಗ ಮಲಗಿದ್ರ ಕಬ್ಬಿಣದ ತಂಪು ಕಿವಿಗೆ ಹತ್ತತಿತ್ತು,
ಎಣ್ಣಿ ವಾಸನಿ.
ಒಂದಿನ ಮರತು ಹಂಗ ಹೂಡಿದ.
ಗಾಲಿ ಒಂದ ಕಡೆ, ಅಪ್ಪ ಒಂದ ಕಡೆ,
ಮೆಣಸಿನಕಾಯಿ ಚೀಲ ಹಳ್ಳದಾಗ.
ನಮ್ಮವ್ವ ನಕ್ಕದ್ದು ನಾ ನೋಡಿದ್ದು ಅವತ್ತ.'

ಬೆರಳು ಮಡಚಿದೆ. ಕ, ಡಿ, ಗೀ, ಲ.
ಪೇಪರಿಗೆ ಬೇಕಾದದ್ದು ಕಡೆಗೀಲು, ನನಗೂ ಗೊತ್ತು.
ಅಲ್ಲೀತನಾ ಬಾಯಿ ಬಿಡದ ಅಡ್ಡ ಮಾತು
ಎರಡೂ ತಾವ ತೆರದವು.
'ಜಾಗವೂ ಹೌದು, ನೈವೇದ್ಯವೂ ಹೌದು': ಎಡೆ.
ನಮ್ಮನ್ಯಾಗ ದೇವರ ಮುಂದ ಇಡೂದು ಎಡಿ.
'ಇರುವೆ ಹಿಡಿವುದು, ಕವಿ ಬರೆವುದು': ಸಾಲು.
ನಮ್ಮ ಇರುವಿ ಹಿಡಿಯೂದು ಸಾಲ.
ಡಿಗೆ ಡಿ ಕೂಡಿತು, ಲಕ್ಕ ಲ ಕೂಡಿತು.
ಕಟ್ಟಿದಾವ ಬ್ಯಾರೆ ಕೀಲಿ ಮಾಡಿಸಿದ್ದ,
ದುಂಡವ್ವನ ಕೀಲೀನೂ ಹತ್ತಿತು.

ಆಕಿಗೆ ಓದಾಕ ಬರೂದಿಲ್ಲ.
'ಎಲ್ಲಿ ಬರದಿ, ತೋರಿಸು.'
ತೋರಿಸಿದೆ. ಕರಿ ಮನಿ ಮ್ಯಾಲ ಬೆರಳಿಟ್ಟು
'ಇವ್ಯಾಕ ಬಿಟ್ಟಿ?' ಅಂದಳು.
'ಅಲ್ಲಿ ಬರಿಯೂಹಂಗಿಲ್ಲ.'
'ಯಾರ ಅಂದಾರ?'
ಹೇಳಲಿಕ್ಕೆ ಬಾಯಿ ತಗದೆ. ಬದಾಮಿ ಗಾಡಿ ಬಂತು.

ಇವತ್ತ ನಿನ್ನಿನ ಉತ್ತರ ಅಚ್ಚಾಗೈತಿ.
ನೋಡಿದೆ. ಡೆ, ಲು.
ಅಳಸಲಿಲ್ಲ. ಹಾಳಿ ಮಡಚಿ
ರಜಿಸ್ಟರಿನ ಬುಡಕ ಇಟ್ಟೇನಿ.

ಹೊಸದರಾಗ ಮೂರು, ಎಡದಿಂದ ಬಲಕ್ಕೆ, ಸಿಕ್ಕಿಲ್ಲ:
'ಸುಮ್ಮನೆ ಕುಳಿತವನ ಕೆಲಸ', ಐದಕ್ಷರ.
ಯಾದವಾಡ ಗಾಡಿ ಹೊಂಟೈತಿ.
ಹತ್ತೋರು ಯಾರರ ಇದ್ದೀರೇನು?